ಹೊಟ್ಟಿನ ಬೋರ್ಡ್ ಅಲ್ಲ, ಚಕ್ಕೆಯ ಬೋರ್ಡ್

ಕಳೆದ ಮಳೆಗಾಲದಲ್ಲಿ ನಮ್ಮ ಟೀವಿ ಸ್ಟ್ಯಾಂಡಿನ ಕಾಲು ಊದಿಕೊಂಡಿತು. ನೆಲ ಒರೆಸುವಾಗೆಲ್ಲ ಅದರ ಬುಡಕ್ಕೆ ನೀರು ತಾಗುತ್ತಿತ್ತು, ಅಂಚಿನ ಪಟ್ಟಿ ಎದ್ದುಬಂದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ರಿಪೇರಿಗೆ ಬಂದ ಆಚಾರ್ರು ಬಗ್ಗಿ ನೋಡಿ, "ಹೊಟ್ಟಿನ ಬೋರ್ಡ್ ಸಾರ್, ಇದರ ಹಣೆಬರಹವೇ ಇಷ್ಟು" ಅಂದರು. ಊದಿದ ಭಾಗವನ್ನು ಎರಡು ಇಂಚು ಕೊಯ್ದು ಬಿಸಾಕಿದರು. ನಾನು ಆ ತುಂಡನ್ನು ಎತ್ತಿಟ್ಟುಕೊಂಡೆ.

ಅವರ ಮಾತು ಅರ್ಧ ಸರಿ. ಅವರು ಹೊಟ್ಟಿನ ಬೋರ್ಡ್ ಅಂದ ಪಾರ್ಟಿಕಲ್ ಬೋರ್ಡಿಗೆ ನೀರು ಆಗಿಬರುವುದಿಲ್ಲ. ಆದರೆ ಅದು ಬರೀ ಮರದ ಹೊಟ್ಟಿನಿಂದ ಆದದ್ದಲ್ಲ. ಕೊಯ್ದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ: ನಡುವೆ ಮರದ ಉದ್ದುದ್ದ ಚಕ್ಕೆಗಳು ಅಡ್ಡಾದಿಡ್ಡಿ ಮಲಗಿರುತ್ತವೆ, ಮೇಲೂ ಕೆಳಗೂ ನುಣ್ಣನೆಯ ಚೂರಿನ ಪದರ.

ಈ ಚಕ್ಕೆಯ ಆಕಾರದಲ್ಲೇ ಎಲ್ಲ ಇದೆ. ತೆಂಗಿನ ನಾರು ಒಂದೊಂದೂ ಗೇಣುದ್ದ ಇದ್ದರೂ ಹಗ್ಗ ಮಾರುಗಟ್ಟಲೆ ಉದ್ದ ಬರುತ್ತದೆ, ಅಲ್ವಾ? ನಾರುಗಳು ಒಂದರ ಮೇಲೊಂದು ಹಾಯ್ದು ಹಿಡಿದುಕೊಳ್ಳುತ್ತವೆ, ಅದಕ್ಕೆ. ತೆಳ್ಳಗೆ ಉದ್ದವಾಗಿರುವ ಚಕ್ಕೆಗಳೂ ಹಾಗೆಯೇ. ಹೊಟ್ಟಿನ ಪುಡಿಗೆ ಹೀಗೆ ಹಾಯುವಷ್ಟು ಉದ್ದವೇ ಇಲ್ಲ. ಜೊತೆಗೆ ಅದು ಅಂಟನ್ನೂ ಕುಡಿಯುತ್ತದೆ. ಒಂದು ಸೆಂಟಿಮೀಟರ್ ಅಳತೆಯ ಮರದ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದು ಮಿಲಿಮೀಟರ್ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 60 ಆಗುತ್ತದೆ. ಮರ ಅಷ್ಟೇ, ಅಂಟು ಹಚ್ಚಬೇಕಾದ ಜಾಗ ಹತ್ತು ಪಟ್ಟು! ಕಾರ್ಖಾನೆಯಲ್ಲಿ ಹಾಕುವ ಅಂಟು ಒಣಮರದ ತೂಕದ ಸುಮಾರು ನೂರಕ್ಕೆ 6ರಿಂದ 10 ಭಾಗ ಮಾತ್ರ. ಮಂಡಕ್ಕಿ ಉಂಡೆಯ ಲೆಕ್ಕವೇ ಇದು. ಪಾಕ ಪ್ರತಿ ಕಾಳಿಗೂ ತಾಗಬೇಕು, ಆದರೆ ಉಂಡೆ ಬೆಲ್ಲದ ಮುದ್ದೆ ಆಗಬಾರದು.

ಹೊಟ್ಟಿಗೆ ಅಂಟು ಕಲಸಿ ಒತ್ತುವ ಯೋಚನೆ ಹಳೆಯದು. 1887ರಲ್ಲೇ ಜರ್ಮನಿಯಲ್ಲಿ ಅರ್ನ್ಸ್ಟ್ ಹುಬಾರ್ಡ್ ಎಂಬಾತ ಮರದ ಪುಡಿಗೆ ಆಲ್ಬುಮಿನ್ ಎಂಬ ಪ್ರೋಟೀನಿನ ಅಂಟು ಸೇರಿಸಿ, ಬಿಸಿಯಲ್ಲಿ ಒತ್ತಿ, ಕೃತಕ ಮರ ಮಾಡಬಹುದು ಎಂದು ಬರೆದಿದ್ದ. ಇಂದಿನ ಬೋರ್ಡಿಗೆ ದಾರಿ ಹಾಕಿದವನು ಜರ್ಮನಿಯವನೇ ಆದ ಮ್ಯಾಕ್ಸ್ ಹಿಮೆಲ್‌ಹೇಬರ್. ಅಪ್ಪನ ಮನೆಯದು ಪೀಠೋಪಕರಣದ ಕಾರ್ಖಾನೆ, ಹಾಗಾಗಿ ಒಂದು ಮರದಿಂದ ಎಷ್ಟು ಒಲೆಗೆ ಹೋಗುತ್ತದೆ ಎನ್ನುವುದನ್ನು ಕಣ್ಣಾರೆ ಕಂಡವನು. 1932ರ ಹೊತ್ತಿಗೆ ತನ್ನ ವಿಧಾನಕ್ಕೆ ಪೇಟೆಂಟ್ ಪಡೆದ. 1941ರಲ್ಲಿ, ಯುದ್ಧದ ನಡುವೆ, ಬ್ರೆಮೆನ್ ಬಳಿಯ ಕಾರ್ಖಾನೆಯೊಂದರಿಂದ ಪಾರ್ಟಿಕಲ್ ಬೋರ್ಡ್ ಹೊರಬಂತು. ನುಣುಪಾದ ಮೇಲ್ಪದರ, ಒರಟು ನಡುಪದರ ಎಂಬ ಮೂರು ಪದರದ ಉಪಾಯ ಸ್ವಿಟ್ಜರ್ಲೆಂಡಿನ ಫ್ರೆಡ್ ಫಾರ್ನಿಯದು. ಬೋರ್ಡ್ ಬಾಗುವಾಗ ಹೆಚ್ಚಿನ ಭಾರ ಮೇಲಿನ, ಕೆಳಗಿನ ಪದರಗಳ ಮೇಲೇ ಬೀಳುತ್ತದೆ. ಆದ್ದರಿಂದ ಒಳ್ಳೆಯ ಚೂರು, ಜಾಸ್ತಿ ಅಂಟು ಅಲ್ಲಿರಬೇಕು, ನಡುವೆ ಒರಟು ಇದ್ದರೂ ನಡೆಯುತ್ತದೆ. ಅಂದಹಾಗೆ, ಇದೇ ಹಿಮೆಲ್‌ಹೇಬರ್ ಮುಂದೆ 1971ರಲ್ಲಿ ಕೈಗಾರಿಕಾ ನಾಗರಿಕತೆಯನ್ನೇ ಅನುಮಾನದಿಂದ ನೋಡುವ ಪತ್ರಿಕೆಯೊಂದನ್ನು ಗೆಳೆಯನ ಜೊತೆ ಸೇರಿ ಶುರು ಮಾಡಿದ. ನನಗಂತೂ ಇದು ಖುಷಿ ಕೊಟ್ಟ ವಿಷಯ.

ಈಗ ಬೋರ್ಡ್ ಒತ್ತುವ ಪ್ರೆಸ್ಸಿನ ಮಾತು. ಚಕ್ಕೆಗಳನ್ನು ತೇವ ನೂರಕ್ಕೆ ನಾಲ್ಕೈದು ಭಾಗಕ್ಕೆ ಇಳಿಯುವ ತನಕ ಒಣಗಿಸಿ, ಅಂಟು ಸಿಂಪಡಿಸಿ, ಹಾಸಿಗೆಯ ಹಾಗೆ ದಪ್ಪಗೆ ಹರಡಿ, ಸುಮಾರು 180ರಿಂದ 200 ಡಿಗ್ರಿ ಬಿಸಿಯಲ್ಲಿ ಒತ್ತುತ್ತಾರೆ. ಕೆಲವೇ ನಿಮಿಷದ ಕೆಲಸ. ತೊಡಕು ಏನೆಂದರೆ ಮರ ಬಿಸಿಯನ್ನು ಸುಲಭವಾಗಿ ಸಾಗಿಸುವುದಿಲ್ಲ, ನಡುವಿನ ಅಂಟು ಗಟ್ಟಿಯಾಗುವಷ್ಟರಲ್ಲಿ ಮೇಲ್ಮೈ ಸುಟ್ಟುಹೋಗಬಹುದು. ಅದಕ್ಕೆ ಮೇಲಿನ ಚೂರುಗಳನ್ನು ಬೇಕೆಂದೇ ಸ್ವಲ್ಪ ಹಸಿಯಾಗಿ ಇಡುತ್ತಾರೆ. ಬಿಸಿ ತಟ್ಟೆ ತಾಗಿದ ಕೂಡಲೇ ಆ ನೀರು ಹಬೆಯಾಗಿ ಒಳಗೆ ನುಗ್ಗಿ ನಡುವಿಗೆ ಬಿಸಿ ಮುಟ್ಟಿಸುತ್ತದೆ. ಇಡ್ಲಿ ಬೇಯಿಸುವುದೂ ಹಬೆಯೇ ತಾನೇ. ತೇವ ಹೆಚ್ಚಾಯಿತೋ, ಪ್ರೆಸ್ ತೆರೆದಾಗ ಒಳಗೆ ಸಿಕ್ಕಿಕೊಂಡ ಹಬೆ ಬೋರ್ಡನ್ನು ಢಬ್ ಎಂದು ಒಳಗಿನಿಂದಲೇ ಸೀಳುತ್ತದೆ.

ಇಲ್ಲಿ ಒಂದು ವಿಚಿತ್ರ ಇದೆ. ಬೀಟೆ, ಹೊನ್ನೆಯಂಥ ಗಟ್ಟಿ ಮರ ಈ ಬೋರ್ಡಿಗೆ ಒಳ್ಳೆಯದಲ್ಲ. ಹಗುರ ಮರದ ಚಕ್ಕೆ ಒತ್ತಿದಾಗ ಚಪ್ಪಟೆಯಾಗಿ ಪಕ್ಕದ ಚಕ್ಕೆಗೆ ಮೈಯೆಲ್ಲ ತಾಗುತ್ತದೆ, ಅಂಟು ಹಿಡಿಯುತ್ತದೆ. ಗಟ್ಟಿ ಮರದ ಚಕ್ಕೆ ಬಗ್ಗದೆ ಸೆಟೆದು ನಿಲ್ಲುತ್ತದೆ, ನಡುವೆ ಸಂದು ಉಳಿಯುತ್ತದೆ. ಆದರೆ ಚಪ್ಪಟೆಯಾಗುವ ಈ ಗುಣವೇ ನಮ್ಮ ಟೀವಿ ಸ್ಟ್ಯಾಂಡಿನ ಕಾಲು ಕೆಡಿಸಿದ್ದು. ಅವಲಕ್ಕಿ ನೆನಪಿಸಿಕೊಳ್ಳಿ. ಕುಟ್ಟಿ ಚಪ್ಪಟೆ ಮಾಡಿದ ಅಕ್ಕಿ ನೀರು ಬಿದ್ದರೆ ಉಬ್ಬುತ್ತದೆ, ಒಣಗಿಸಿದರೂ ಮೊದಲಿನ ಹಾಳೆಯಂಥ ಅವಲಕ್ಕಿ ಆಗುವುದಿಲ್ಲ. ಬೋರ್ಡ್ ಒಳಗೆ ಒತ್ತಿಟ್ಟ ಚಕ್ಕೆಗಳೂ ನೀರು ಕುಡಿದು ತಮ್ಮ ಹಳೆಯ ದಪ್ಪಕ್ಕೆ ಮರಳಲು ನೋಡುತ್ತವೆ. ಅಂಟು ಅಲ್ಲಲ್ಲಿ ಬಿಟ್ಟುಕೊಡುತ್ತದೆ. ಸಾಮಾನ್ಯವಾಗಿ ಬಳಸುವ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿಗೆ ತೇವ ಎಂದರೆ ಆಗುವುದೇ ಇಲ್ಲ. ಊದಿದ್ದು ಊದಿದ್ದೇ.

ಅದೇ ಅಂಟಿನದು ಹೊಸ ಬೀರುವಿನ ವಾಸನೆ, ಕಣ್ಣು ಉರಿಸುವ ಫಾರ್ಮಾಲ್ಡಿಹೈಡ್ ಅನಿಲ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಸೆಕೆ, ತೇವ ಎರಡೂ ಇದ್ದರೆ ಇನ್ನೂ ಜಾಸ್ತಿ ಹೊರಬರುತ್ತದೆ, ನಮ್ಮ ಕರಾವಳಿಯವರು ಗಮನಿಸಬೇಕು. ಕೊಳ್ಳುವಾಗ ಇ-1 ಗುರುತು, ಅಂದರೆ ಈ ಅನಿಲ ಕಡಿಮೆ ಬಿಡುವ ಬೋರ್ಡ್ ಎಂಬ ಗುರುತು, ಇದೆಯಾ ಕೇಳಿ. ಹೊಸ ಬೀರುವನ್ನು ಕೆಲವು ದಿನ ಬಾಗಿಲು ತೆರೆದಿಡಿ.

ಹಾಗಾದರೆ ಕಾಡಿನಲ್ಲಿ ಬಿದ್ದ ಕೊಂಬೆ, ತುದಿ, ಗಂಟುಗಳನ್ನೆಲ್ಲ ಬಾಚಿ ಬೋರ್ಡ್ ಮಾಡಿಬಿಡಬಹುದಲ್ಲ? ಕೇಳಲು ಚೆಂದ. ಕೊಂಬೆ ಸಣ್ಣದಾದಷ್ಟೂ ಮರಕ್ಕಿಂತ ತೊಗಟೆಯ ಪಾಲು ಏರುತ್ತದೆ. ತೊಗಟೆಗೆ ಬಲ ಇಲ್ಲ, ಅಂಟು ಹೀರುತ್ತದೆ, ಮೇಲ್ಮೈಯಲ್ಲಿ ಕಪ್ಪು ಚುಕ್ಕೆ ಬಿಡುತ್ತದೆ. ನೆಲದಲ್ಲಿ ಎಳೆದು ತಂದ ಕೊಂಬೆಯ ಮಣ್ಣು ಮರಳು ಚಕ್ಕೆ ಯಂತ್ರದ ಬ್ಲೇಡನ್ನು ಬೇಗ ಮೊಂಡು ಮಾಡುತ್ತದೆ. ಲಾರಿ ತುಂಬ ಕೊಂಬೆ ಹೇರಿದರೆ ನೀವು ಸಾಗಿಸುವುದು ಹೆಚ್ಚಾಗಿ ಗಾಳಿಯನ್ನೇ, ಅದಕ್ಕೆ ಕೊಂಬೆಗಳನ್ನು ಬಿದ್ದಲ್ಲೇ ಚಕ್ಕೆ ಮಾಡಿ ತರುವುದುಂಟು. ಮತ್ತೆ, ಕಾಡಿನ ಕಸ ಯಾರಿಗೆ ಕಸ? ನಮ್ಮಲ್ಲಿ ಅದು ಎಷ್ಟೋ ಮನೆಗಳ ಸೌದೆ. ಸೊಪ್ಪು, ಸಣ್ಣ ಕಡ್ಡಿ, ತೊಗಟೆಗಳಲ್ಲೇ ಮಣ್ಣಿಗೆ ಮರಳಬೇಕಾದ ಸಾರ ಹೆಚ್ಚು ಇರುವುದು.

ನನಗೆ ಕಾಡಿಗಿಂತ ತೋಟದ ದಾರಿ ಸರಿ ಅನಿಸುತ್ತದೆ. 1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಡಿನ ಮರ ಕಡಿಯುವುದಕ್ಕೆ ಲಗಾಮು ಹಾಕಿತು. ಆಮೇಲೆ ಮರದ ಉದ್ಯಮ ಹೊಲ ತೋಟಗಳ ಕಡೆ ಇನ್ನಷ್ಟು ತಿರುಗಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಸಿಲ್ವರ್ ಓಕ್ ಪ್ಲೈವುಡ್ಡಿಗೆ ಹೋಗುತ್ತದೆ. ದಿಮ್ಮಿಯನ್ನು ಪೆನ್ಸಿಲ್ ಕೆತ್ತಿದ ಹಾಗೆ ಸುತ್ತ ಸುಲಿದ ಮೇಲೆ ಉಳಿಯುವ ನಡುಗೋಲು, ಹರಿದ ಹಾಳೆ, ಅಂಚಿನ ತುಂಡು, ಇವೆಲ್ಲ ಮಣ್ಣಿಲ್ಲದ ಚೊಕ್ಕ ಸರಕು. ಚಕ್ಕೆಗೆ ಇದಕ್ಕಿಂತ ಒಳ್ಳೆಯದು ಎಲ್ಲಿ ಸಿಗುತ್ತದೆ?

ಆಚಾರ್ರು ಹೋಗುವ ಮುಂಚೆ ಕಾಲಿನ ಅಡಿಗೆ ರಬ್ಬರ್ ಬುಷ್ ಹಾಕಿ, ಕೊಯ್ದ ಅಂಚಿಗೆ ಎರಡು ಕೋಟ್ ವಾರ್ನಿಷ್ ಬಳಿದರು. ಕೊಯ್ದ ತುಂಡು ಈಗಲೂ ನನ್ನ ಮೇಜಿನ ಮೇಲಿದೆ. ಮೇಲ್ಮೈ ಹತ್ತಿರ ಒಂದು ಕಡೆ ಎಳ್ಳಿನಷ್ಟು ಕಪ್ಪು ಚುಕ್ಕೆ ಕಾಣುತ್ತದೆ. ಯಾವ ಮರದ ತೊಗಟೆಯೋ.