‘ವಾಕಿಂಗ್ ಮಾಡಿ’ ಅಂದುಬಿಟ್ಟರೆ ಸಾಕಾ?

ಶುಗರ್ ಇದೆ ಅಂತ ಗೊತ್ತಾದ ದಿನ ಡಾಕ್ಟರ್ ಚೀಟಿಯಲ್ಲಿ ಮಾತ್ರೆ ಹೆಸರು, ಎಷ್ಟು ಎಂಜಿ, ಊಟಕ್ಕೆ ಮುಂಚೆಯೋ ಆಮೇಲೋ ಎಲ್ಲ ಇರುತ್ತದೆ. ವ್ಯಾಯಾಮಕ್ಕೆ ಮಾತ್ರ ಒಂದೇ ಮಾತು, ಅದೂ ನಾವು ಎದ್ದು ನಿಂತ ಮೇಲೆ: “ದಿನಾ ವಾಕಿಂಗ್ ಮಾಡಿ.” ಎಷ್ಟು ಹೊತ್ತು, ಯಾವಾಗ, ಎಷ್ಟು ಜೋರಾಗಿ? ಕೇಳೋಣ ಅನ್ನುವಷ್ಟರಲ್ಲಿ ಮುಂದಿನ ಟೋಕನ್ ಕೂಗಿರುತ್ತಾರೆ.

ನಡಿಗೆ ಯಾಕೆ ಅಂತ ಹೇಳಿದರೆ ಜನ ನಡೆಯುತ್ತಾರೆ. ಟೈಪ್ 2 ಅನ್ನುವ, ಹೆಚ್ಚಿನವರಿಗೆ ಬರುವ ಬಗೆಯ ಶುಗರ್ ಇರುವವರ ದೇಹದಲ್ಲಿ ಇನ್ಸುಲಿನ್ (ರಕ್ತದ ಸಕ್ಕರೆಯನ್ನು ಜೀವಕೋಶದೊಳಗೆ ಕಳಿಸುವ ಹಾರ್ಮೋನ್) ಇದ್ದರೂ ಸ್ನಾಯುಗಳು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಆದರೆ ಸ್ನಾಯು ಕೆಲಸಕ್ಕೆ ಇಳಿದರೆ, ಅದರ ಜೀವಕೋಶದೊಳಗಿನ ಗ್ಲೂಟ್-4 ಅನ್ನುವ ಪ್ರೋಟೀನ್ ಹೊರಪದರಕ್ಕೆ ಬಂದು, ಇನ್ಸುಲಿನ್‌ನ ಅಪ್ಪಣೆಗೆ ಕಾಯದೆ ರಕ್ತದಲ್ಲಿರುವ ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ನಡಿಗೆ ನಿಂತ ಮೇಲೂ ಇನ್ಸುಲಿನ್ ಸುಮಾರು ಒಂದೆರಡು ದಿನ ಚೆನ್ನಾಗಿ ಕೆಲಸ ಮಾಡುತ್ತದೆ, ಆಮೇಲೆ ಮತ್ತೆ ಹಳೇ ಕತೆ. ಅದಕ್ಕೇ ವಾರಕ್ಕೆ ಒಟ್ಟು 150 ನಿಮಿಷ ನಡೆಯಿರಿ ಅನ್ನುವುದರ ಜೊತೆಗೆ, ಸತತ ಎರಡು ದಿನಕ್ಕಿಂತ ಜಾಸ್ತಿ ಬಿಡಬೇಡಿ ಅಂತಲೂ ಹೇಳುವುದು. ಭಾನುವಾರ ಒಂದೇ ದಿನ ಬೆಟ್ಟ ಹತ್ತಿ ಲೆಕ್ಕ ಚುಕ್ತಾ ಮಾಡುವ ಹಾಗಿಲ್ಲ.

ಜೋರು ಎಷ್ಟಿರಬೇಕು? ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಪಾರ್ಕಲ್ಲಿ ರಾಜಕೀಯ ಮಾತಾಡುತ್ತಾ ಸುಮ್ನೆ ಸುತ್ತಿದರೆ ಅಷ್ಟು ಆಗಲ್ಲ (ಆಮೇಲೆ ಇಡ್ಲಿ-ವಡೆ ಬೇರೆ!).

“ಬೆಳಗ್ಗೆ ಟೈಮೇ ಇಲ್ಲ, ಡಬ್ಬಿ ಕಟ್ಟಬೇಕು” ಅನ್ನುವ ಹೆಂಗಸಿಗೆ ಐದು ಗಂಟೆಗೆ ಏಳಿ ಅನ್ನುವುದು ಸಲಹೆಯೇ ಅಲ್ಲ. ಅವರಿಗೆ ಊಟ ಆದ ಮೇಲೆ ನಡೆಯಿರಿ ಅನ್ನಬಹುದು. ನ್ಯೂಜಿಲೆಂಡ್‌ನ ಒಟಾಗೋ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನದಲ್ಲಿ ಯಾವಾಗಲೋ ಒಮ್ಮೆ 30 ನಿಮಿಷ ನಡೆಯುವುದಕ್ಕಿಂತ ಮೂರು ಹೊತ್ತು ಊಟದ ನಂತರ ಹತ್ತತ್ತು ನಿಮಿಷ ನಡೆದಾಗ, ಊಟದ ನಂತರದ ಶುಗರ್ ಸರಾಸರಿ 12% ಕಡಿಮೆ ಇತ್ತು. ರಾತ್ರಿ ಊಟದ ನಂತರ ಲಾಭ ಇನ್ನೂ ಜಾಸ್ತಿ. ಮುದ್ದೆ ಉಂಡು ಸೀದಾ ಸೀರಿಯಲ್ ಮುಂದೆ ಕೂರುವ ಹೊತ್ತು ಅದು, ಅಲ್ವಾ? ಟೆರೇಸ್ ಮೇಲೆ ನಡೆದರೂ ಆಯ್ತು.

ಇನ್ನು ಮಾತ್ರೆ ಯಾವುದು ಅಂತ ನೋಡದೆ ವ್ಯಾಯಾಮ ಹೇಳಬಾರದು. ಬರೀ ಮೆಟ್‌ಫಾರ್ಮಿನ್ ಮಾತ್ರೆ ಆದರೆ ಶುಗರ್ ತೀರಾ ಇಳಿಯುವ ಭಯ ಕಡಿಮೆ. ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಚುಚ್ಚುಮದ್ದು ಇದ್ದರೆ ಶುಗರ್ ಇಳಿದುಬಿಡಬಹುದು: ಕೈ ನಡುಕ, ಬೆವರು, ತಲೆ ಸುತ್ತು. ಅಂಥವರ ಜೇಬಲ್ಲಿ ಸ್ವಲ್ಪ ಸಕ್ಕರೆ ಇರಲಿ. ಶುಗರ್ 70ಕ್ಕಿಂತ ಕೆಳಗಿಳಿದರೆ ಮೂರು ಟೀ ಚಮಚ ಸಕ್ಕರೆ ತಿಂದು, ಕೂತು, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿಕೊಳ್ಳಿ. ಕಾಲು ಜೋಮು ಹಿಡಿಯುವವರು ಬರಿಗಾಲಲ್ಲಿ ಹೋಗಬಾರದು. ಮನೆಗೆ ಬಂದು ಪಾದದ ಅಡಿ ನೋಡಿಕೊಳ್ಳಬೇಕು, ಗುಳ್ಳೆ ಎದ್ದರೂ ಅವರಿಗೆ ಗೊತ್ತಾಗುವುದಿಲ್ಲ. ಜೇಬಲ್ಲಿ ಸ್ವಲ್ಪ ಸಕ್ಕರೆ ಇರಲಿ.