ಅಘನಾಶಿನಿಯ ನೀರು ಎಲ್ಲಿಂದ ಉಪ್ಪು?

“ಇಂದು ರಾತ್ರಿ 12.30ರಿಂದ 3.30ರವರೆಗೆ ಮೊಬೈಲ್ ಆಫ್ ಮಾಡಿ, ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದು ಹೋಗುತ್ತವೆ.” ಈ ವಾಟ್ಸಾಪ್ ಮೆಸೇಜು ಕುಮಟೆಯ ನಮ್ಮ ಓಣಿಗೂ ಆಗಾಗ ಬರುತ್ತದೆ. ನೋಡಿದಾಗಲೆಲ್ಲ ಸಿಟ್ಟು ಬರುತ್ತದೆ. ಹತ್ತಿರ ಹಾದು ಹೋಗುವುದೇನು ಬಂತು? ಅಂಗೈ ಚಾಚಿ. ಸೆಕೆಂಡಿಗೆ ಸುಮಾರು ಒಂದು ಮ್ಯುಯಾನ್ ಕಣ ಅದನ್ನು ತೂರಿ ಹೋಗುತ್ತಿದೆ. ಬಾಹ್ಯಾಕಾಶದಿಂದ ಭಾರೀ ವೇಗದಲ್ಲಿ ಬರುವ ಕಣಗಳೇ ಕಾಸ್ಮಿಕ್ ಕಿರಣ. ಅವು ಮೇಲಿನ ಗಾಳಿಗೆ ಬಡಿದಾಗ ಹುಟ್ಟುವ ಮರಿಗಳು ಈ ಮ್ಯುಯಾನ್‌ಗಳು. ನಮ್ಮ ಅಜ್ಜಿ ಗದ್ದೆಯಲ್ಲಿ ನಿಂತಾಗಲೂ ಹೀಗೇ ಬೀಳುತ್ತಿದ್ದವು.

ಗ್ರಹಣಕ್ಕೂ ಇದಕ್ಕೂ ಗಂಟು ಹಾಕುವವರಿದ್ದಾರೆ. 1912ರ ಏಪ್ರಿಲ್‌ನಲ್ಲಿ ಆಸ್ಟ್ರಿಯಾದ ವಿಜ್ಞಾನಿ ವಿಕ್ಟರ್ ಹೆಸ್ ಸೂರ್ಯಗ್ರಹಣದ ಹೊತ್ತಿಗೇ ಬಲೂನ್ ಹತ್ತಿದರು. ಸೂರ್ಯ ಬಹುಪಾಲು ಮರೆಯಾದರೂ ಕಿರಣ ಕಡಿಮೆಯಾಗಲಿಲ್ಲ. ಆಗಸ್ಟ್‌ನಲ್ಲಿ 5 ಕಿಲೋಮೀಟರ್‌ಗೂ ಮೇಲೆ ಹೋದರು. ಅಲ್ಲಿ ಇನ್ನೂ ಜಾಸ್ತಿ! ಅಂದರೆ ಇದು ನೆಲದಿಂದ ಬರುವುದಲ್ಲ, ಸೂರ್ಯ ಇದರ ಮುಖ್ಯ ಮೂಲವೂ ಅಲ್ಲ. ಹೆಸ್‌ಗೆ 1936ರಲ್ಲಿ ನೊಬೆಲ್ ಬಂತು.

ಹಾಗಾದರೆ ಎಲ್ಲಿಯವು? ಬಹುಪಾಲು ನಮ್ಮ ಆಕಾಶಗಂಗೆಯೊಳಗಿನವೇ. ತೀರಾ ಬಲಶಾಲಿಗಳು ಬೇರೆ ಗೆಲಾಕ್ಸಿಗಳಿಂದ ಬಂದ ಪರವೂರಿನವು. ಒಂದು ಮುಗಿದು ಇನ್ನೊಂದು ಶುರುವಾಗುವುದು ಎಲ್ಲಿ ಎಂಬುದೇ ನನ್ನನ್ನು ಹಿಡಿದಿಟ್ಟಿರುವ ಪ್ರಶ್ನೆ.

ದೇವಿಮನೆ ಘಾಟಿಯನ್ನು ನೆನೆಸಿಕೊಳ್ಳಿ. ನಿಧಾನಕ್ಕೆ ಬರುವ ಬೈಕು ತಿರುವಿನಲ್ಲಿ ಸಲೀಸಾಗಿ ತಿರುಗುತ್ತದೆ. ವೇಗವಾಗಿ ಬಂದ ಲಾರಿ ತಿರುಗದೆ ನೇರ ಹೊರಗೆ ಹೋಗುತ್ತದೆ. ಆಕಾಶಗಂಗೆಯ ತುಂಬ ಇರುವ ಕಾಂತಕ್ಷೇತ್ರ ಕಣಗಳನ್ನು ತಿರುಗಿಸುವುದೂ ಹೀಗೆಯೇ. ಅಥವಾ ಗೂಟಕ್ಕೆ ಕಟ್ಟಿದ ಕರು ಎನ್ನಿ. ಶಕ್ತಿ ಹೆಚ್ಚಿದಷ್ಟೂ ಹಗ್ಗ ಉದ್ದವಾಗುತ್ತದೆ, ಸುತ್ತುವ ವೃತ್ತ ದೊಡ್ಡದಾಗುತ್ತದೆ. 10,000 ಕೋಟಿ ಕೋಟಿ ಎಲೆಕ್ಟ್ರಾನ್‌ವೋಲ್ಟಿನ (ಇದು ಕಣದ ಶಕ್ತಿಯ ಅಳತೆ) ಪ್ರೋಟಾನ್ ಸುತ್ತುವ ವೃತ್ತದ ತ್ರಿಜ್ಯ ಸುಮಾರು ಸಾವಿರ ಜ್ಯೋತಿರ್ವರ್ಷ. ನಮ್ಮ ಗೆಲಾಕ್ಸಿಯ ತಟ್ಟೆಯ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಅಂಥ ಕರು ಹಿತ್ತಿಲಲ್ಲಿ ನಿಲ್ಲುತ್ತದೆಯೇ?

ಕಬ್ಬಿಣದ ನ್ಯೂಕ್ಲಿಯಸ್‌ನ ಕತೆ ಬೇರೆ. ಅದರಲ್ಲಿ 26 ಪ್ರೋಟಾನ್ ಇವೆ, ಕಾಂತಕ್ಷೇತ್ರದ ಹಿಡಿತವೂ 26 ಪಟ್ಟು. ಹಾಗಾಗಿ ಮೊದಲು ಪ್ರೋಟಾನ್ ಜಾರುತ್ತದೆ, ಕೊನೆಗೆ ಕಬ್ಬಿಣ. ಲೆಕ್ಕವೂ ಹೊಂದುತ್ತದೆ. ಶಕ್ತಿ ಏರಿದಂತೆ ಇಳಿಯುವ ಕಿರಣಗಳ ಸಂಖ್ಯೆ ಸುಮಾರು 30 ಕೋಟಿ ಕೋಟಿ ಎಲೆಕ್ಟ್ರಾನ್‌ವೋಲ್ಟಿನ ಹತ್ತಿರ ಇನ್ನಷ್ಟು ಕಡಿದಾಗಿ ಕುಸಿಯುತ್ತದೆ. ಗ್ರಾಫ್ ಕಾಲಿನಂತೆ ಕಾಣುವುದರಿಂದ ಅದಕ್ಕೆ ‘ಮಂಡಿ’ ಎಂದು ಹೆಸರು. ಅದರ 26 ಪಟ್ಟಿನ ಸುಮಾರಿಗೆ ಭಾರದ ಕಣಗಳೂ ಕಡಿಮೆಯಾಗುವುದು ಜರ್ಮನಿಯ ಪ್ರಯೋಗವೊಂದರಲ್ಲಿ ಕಂಡಿತು. 50,000 ಕೋಟಿ ಕೋಟಿ ಎಲೆಕ್ಟ್ರಾನ್‌ವೋಲ್ಟಿನ ಬಳಿ ಗ್ರಾಫ್ ಮತ್ತೆ ಬಾಗುತ್ತದೆ. ಅದು ‘ಪಾದದ ಗಂಟು’.

ನಮ್ಮವು ಮುಗಿದು ಪರವೂರಿನವು ಶುರುವಾಗುವ ಬದಲಾವಣೆ ಮಂಡಿ ಮತ್ತು ಪಾದದ ಗಂಟಿನ ನಡುವೆಯೇ ಆಗುತ್ತದೆ ಎಂಬುದು ಈಗಿನ ತಿಳಿವಳಿಕೆ. ಆದರೆ ಗೆರೆ ಎಳೆಯಲಾಗದು. ತದಡಿಯಲ್ಲಿ ಸಮುದ್ರ ಸೇರುವ ಅಘನಾಶಿನಿಯನ್ನೇ ನೋಡಿ. ಮಳೆಗಾಲದಲ್ಲಿ ಸಿಹಿನೀರು ತುಂಬಿ ಗಜನಿಯಲ್ಲಿ, ಅಂದರೆ ಹಿನ್ನೀರಿನ ತಗ್ಗು ಗದ್ದೆಯಲ್ಲಿ, ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಬೇಸಿಗೆಯಲ್ಲಿ ಅದೇ ಜಾಗದ ನೀರು ಬಾಯಿಗೆ ಹಾಕಿದರೆ ಉಪ್ಪು. ಇಲ್ಲಿಗೆ ಹೊಳೆ ಮುಗಿಯಿತು ಎಂದು ಯಾವ ದೋಣಿಯವನೂ ಬೆರಳು ತೋರಿಸಲಾರ.

ಉಪ್ಪು, ಅಂದರೆ ಪರವೂರಿನ ಕಣಗಳ ಸುಳಿವು, ಮಾತ್ರ ಸಿಕ್ಕಿದೆ. ಅರ್ಜೆಂಟೀನಾದ ಪಿಯರ್ ಓಜೆ ವೀಕ್ಷಣಾಲಯ 3,000 ಚದರ ಕಿಲೋಮೀಟರಿನಲ್ಲಿ 1,600ಕ್ಕೂ ಹೆಚ್ಚು ನೀರಿನ ಟ್ಯಾಂಕ್‌ಗಳನ್ನು ಹರಡಿ ಕಾಯುತ್ತಿದೆ. 80,000 ಕೋಟಿ ಕೋಟಿ ಎಲೆಕ್ಟ್ರಾನ್‌ವೋಲ್ಟಿಗೂ ಮೇಲಿನ ಶಕ್ತಿಯ ಕಣಗಳು ಆಕಾಶದ ಒಂದು ಕಡೆಯಿಂದ ತುಸು ಜಾಸ್ತಿ ಬರುತ್ತಿವೆ ಎಂದು 2017ರಲ್ಲಿ ಅದು ತಿಳಿಸಿತು. ಆ ದಿಕ್ಕು ನಮ್ಮ ಗೆಲಾಕ್ಸಿಯ ಕೇಂದ್ರದಿಂದ ಸುಮಾರು 125 ಡಿಗ್ರಿ ಆಚೆಗಿದೆ. ಅಂದರೆ ಇವು ಪರವೂರಿನವು.