ಟೊಮೆಟೊ ಎಲೆಯೊಳಗಿನ ಟುಟಾ: ಪೆರುವಿನಿಂದ ಕೋಲಾರದವರೆಗೆ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಟೊಮೆಟೊ ಬೆಳೆಯುವವರಿಗೆ ಎಲೆ, ಕಾಯಿ ಕೊರೆಯುವ ಟುಟಾ ಹುಳ ಈಗ ಹೊಸ ಹೆಸರಲ್ಲ. ಆದರೂ ಅದರ ಬಗ್ಗೆ ಗೊಂದಲ ಜಾಸ್ತಿ. ಇದು ಹಳೆಯ ರಂಗೋಲಿ ಹುಳವೇ ಎನ್ನುವವರಿದ್ದಾರೆ. ವಾರಕ್ಕೊಮ್ಮೆ ಔಷಧಿ ಹೊಡೆದರೆ ಸಾಕು ಎನ್ನುವವರೂ ಇದ್ದಾರೆ, ಯಾವ ಔಷಧಿಗೂ ಬಗ್ಗುವುದಿಲ್ಲ ಎಂದು ಕೈಚೆಲ್ಲಿದವರೂ ಇದ್ದಾರೆ.

ಎಲೆ ಮೇಲೆ ಅಂಕುಡೊಂಕು ಬಿಳಿ ಗೆರೆ ಬಿಡಿಸುವ ರಂಗೋಲಿ ಹುಳ ಒಂದು ನೊಣದ ಮರಿ. ಟುಟಾ ಪತಂಗದ ಜಾತಿ. ಇದು ತಿಂದ ಜಾಗ ಅಗಲವಾದ ಮಚ್ಚೆಯಾಗುತ್ತದೆ. ಎಲೆಯನ್ನು ಬಿಸಿಲಿಗೆ ಹಿಡಿದರೆ ಒಳಗಿನ ಹುಳ, ಕಪ್ಪು ಹಿಕ್ಕೆ ಎರಡೂ ಕಾಣುತ್ತವೆ.

ಇದರ ತವರು ದಕ್ಷಿಣ ಅಮೆರಿಕ. ಪೆರುವಿನಲ್ಲಿ ಸಿಕ್ಕ ಪತಂಗಕ್ಕೆ 1917ರಲ್ಲಿ ಹೆಸರಿಟ್ಟರು. 2006ರ ಕೊನೆಗೆ ಸ್ಪೇನ್, ಆಮೇಲೆ ಮೆಡಿಟರೇನಿಯನ್ ಸುತ್ತಲ ದೇಶಗಳು, 2014ರಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕ. ಸ್ಪೇನಿಗೂ ನಮಗೂ ನಡುವೆ ಎಂಟು ವರ್ಷ ಸಿಕ್ಕಿತ್ತು. ರೈತರಿಗೆ ಹುಳದ ಪರಿಚಯ ಆಗಿದ್ದು ಮಾತ್ರ ಅದು ತೋಟಕ್ಕೆ ಬಂದ ಮೇಲೆ.

ಹೆಣ್ಣು ಪತಂಗ ಒಂದು ಸೆಂಟಿಮೀಟರ್ ಉದ್ದವೂ ಇಲ್ಲ. ಬೂದು ಬಣ್ಣ. ಹಗಲೆಲ್ಲ ಎಲೆಗಳ ನಡುವೆ ಅಡಗಿದ್ದು, ಕತ್ತಲಾದ ಮೇಲೆ ಹಾರಾಡುತ್ತದೆ. ಹೆಚ್ಚಾಗಿ ಎಲೆಯ ತಳಭಾಗದಲ್ಲಿ ಒಂದೊಂದೇ ಮೊಟ್ಟೆ ಇಡುತ್ತದೆ. ಒಂದು ಹೆಣ್ಣು ಸುಮಾರು 260 ಮೊಟ್ಟೆಯವರೆಗೂ ಇಡಬಲ್ಲದು. ನಾಲ್ಕೈದು ದಿನಕ್ಕೆ ಮೊಟ್ಟೆಯೊಡೆದ ಮರಿ ಸೀದಾ ಎಲೆಯೊಳಗೆ ಕೊರೆದು ಹೋಗಿ, ಮೇಲಿನ ಕೆಳಗಿನ ಸಿಪ್ಪೆ ಬಿಟ್ಟು ನಡುವಿನ ಹಸಿರನ್ನಷ್ಟೇ ತಿನ್ನುತ್ತದೆ. ನಾಲ್ಕು ಹಂತ ಬೆಳೆಯುವಷ್ಟರಲ್ಲಿ ಹಳೆ ಮಚ್ಚೆ ಬಿಟ್ಟು ಬೇರೆ ಎಲೆಗೆ, ಚಿಗುರಿಗೆ, ಕಾಂಡಕ್ಕೆ ನುಗ್ಗುತ್ತದೆ. ಕಾಯಿಗೆ ಬಿದ್ದರೆ ತೊಟ್ಟಿನ ಹತ್ತಿರ ಸೂಜಿಮೊನೆಯಷ್ಟು ತೂತು. ಆ ತೂತಿಗೇ ಮಾರುಕಟ್ಟೆಯಲ್ಲಿ ಹಣ್ಣು ತಿರಸ್ಕಾರವಾಗುತ್ತದೆ. ಬೆಳೆದ ಹುಳ ಹೆಚ್ಚಾಗಿ ಮಣ್ಣಿಗಿಳಿದು ಕೋಶ ಕಟ್ಟುತ್ತದೆ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಪತಂಗವಾಗಲು ತಿಂಗಳೂ ಬೇಡ. ವರ್ಷಕ್ಕೆ 10-12 ಪೀಳಿಗೆ ಸಲೀಸು. ತಿನ್ನಲು ಇದ್ದರೆ ಅದಕ್ಕೆ ವಿಶ್ರಾಂತಿ ಕಾಲ ಅಂತ ಒಂದಿಲ್ಲ. ನಮ್ಮಲ್ಲಿ ವರ್ಷವಿಡೀ ಟೊಮೆಟೊ ಇರುತ್ತದೆ ಅಲ್ವಾ?

ಈ ಬದುಕಿನ ಬಹುಪಾಲು ಔಷಧಿಯ ಕೈಗೆ ಸಿಗದ ಜಾಗದಲ್ಲೇ ನಡೆಯುತ್ತದೆ. ಎಲೆಯೊಳಗೆ, ಕಾಯಿಯೊಳಗೆ, ಮಣ್ಣಿನೊಳಗೆ. ಅದಕ್ಕೇ ಎಲೆ ಮೇಲಷ್ಟೇ ಕೂರುವ ಔಷಧಿ ಸೋಲುತ್ತದೆ. ಬ್ರೆಜಿಲ್‌ನಲ್ಲಿ ಒಂದೇ ಬೆಳೆಗೆ 30ಕ್ಕೂ ಹೆಚ್ಚು ಸಲ ಹೊಡೆದ ಕಾಲವಿತ್ತು. ಹುಳ ಒಂದರ ಹಿಂದೆ ಒಂದು ಔಷಧಿಯನ್ನು ಜೀರ್ಣಿಸಿಕೊಂಡಿತು. ಎಲೆಯೊಳಗೂ ಹೋಗಿ ಕೊಲ್ಲುವ ಹೊಸ ಔಷಧಿಗಳು ಬಂದವು. 2015ರ ಹೊತ್ತಿಗೆ ಇಟಲಿಯಲ್ಲಿ ಅವುಗಳಿಗೂ ಹುಳ ಒಗ್ಗಿಕೊಂಡದ್ದು ಕಂಡಿತು. ಇಷ್ಟೆಲ್ಲ ಬರೆದಿಟ್ಟ ಮೇಲೂ ಇಲ್ಲಿ ಮೊದಲ ಸಲಹೆ "ಇನ್ನೊಂದು ಸಲ ಹೊಡೀರಿ" ಎಂದೇ ಬರುವುದು ಬೇಸರದ ಸಂಗತಿ. ಟುಟಾದ ಮೊಟ್ಟೆ ತಿನ್ನುವ ಒಂದು ಸಣ್ಣ ಹಸಿರು ತಿಗಣೆ ನಮ್ಮ ತೋಟಗಳಲ್ಲೇ ಇದೆ. ಸ್ಪೇನಿನಲ್ಲಿ ಅದನ್ನು ಸಾಕಿ ಸಸಿಗಳ ಮೇಲೆ ಬಿಡುತ್ತಾರೆ. ಸಿಕ್ಕಾಪಟ್ಟೆ ಔಷಧಿ ಬಿದ್ದ ತೋಟದಲ್ಲಿ ಅದು ಉಳಿಯುವುದಿಲ್ಲ.

ವಾಸನೆಗೆ ಗಂಡು ಪತಂಗ ಬಂದು ಬೀಳುವ ಬಲೆಗಳೂ ಇವೆ. ಹುಳ ಬಂದಿದೆಯೇ ಎಂದು ತಿಳಿಯಲು ಅವು ಬಹಳ ಒಳ್ಳೆಯವು. ಆದರೆ ಒಂದು ಗಂಡು ಹಲವು ಹೆಣ್ಣುಗಳ ಜೊತೆ ಸೇರುತ್ತದೆ. ಹಾಗಾಗಿ ಒಂದೆರಡು ಬಲೆ ಕಟ್ಟಿ ಬೆಳೆ ಉಳಿಯಿತು ಅಂದುಕೊಳ್ಳುವಂತಿಲ್ಲ.

ಕಡಿಮೆ ಚರ್ಚೆಯಾಗುವ ವಿಷಯ ಬೆಲೆ. ಬೆಲೆ ಕುಸಿದಾಗ ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲ, ರೈತ ತೋಟವನ್ನು ಹಾಗೇ ಬಿಡುತ್ತಾನೆ. ಬೇರೆ ದಾರಿ ಅವನಿಗೆ ಇರುವುದಿಲ್ಲ. ಬಿಟ್ಟ ತೋಟದಲ್ಲಿ ಟುಟಾ ಪೀಳಿಗೆ ಮೇಲೆ ಪೀಳಿಗೆ ಬೆಳೆದು ಪಕ್ಕದ ಎಳೆ ಸಸಿಗಳಿಗೆ ಹಾರುತ್ತದೆ. ಕೊನೆ ಕೊಯ್ಲಾದ ಕೂಡಲೇ ಗಿಡ ಕಿತ್ತು, ಬದುವಿಗೆ ಎಸೆಯದೆ ರಾಶಿ ಹಾಕಿ, ಪ್ಲಾಸ್ಟಿಕ್ ಹಾಳೆ ಮುಚ್ಚಿದರೆ ಪತಂಗ ಹೊರಗೆ ಬರಲಾಗುವುದಿಲ್ಲ. ಬೆಲೆ ಬಿದ್ದ ವರ್ಷ ಈ ಕೆಲಸದ ಕೂಲಿಗೆ ನೆರವು ಸಿಕ್ಕರೆ, ಸುತ್ತಲಿನ ನಾಲ್ಕಾರು ತೋಟದವರು ಔಷಧಿ ಅಂಗಡಿಗೆ ಕಟ್ಟುವ ದುಡ್ಡು ಕಡಿಮೆಯಾಗುತ್ತದೆ.